ಕುದಿಸುವುದು ಬಿಟ್ಟೆ, ಕಿಟ್ಟ ಬಿಟ್ಟಿತು

ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ಹಾಕಿ ಕೊತಕೊತ ಕುದಿಸದೆ ಕೆಟಲ್‌ನ ಕಿಟ್ಟ, ಅಂದರೆ ಗಡಸು ನೀರು ಬಿಟ್ಟುಹೋಗುವ ಬಿಳಿ ಪದರ, ಹೋಗುವುದಿಲ್ಲ ಅಂತಲೇ ಎಲ್ಲರ ವಾದ. ಕುದಿಸದೆ ತೆಗೆಯುತ್ತೇನೆ ಅಂದಾಗ ನಕ್ಕವರು ಈಗ ಅಳತೆ ಕೇಳುತ್ತಿದ್ದಾರೆ.

ಮೊದಲು ಕೆಟ್ಟ ಕತೆ. ಅರ್ಧ ಲೀಟರಿಗೆ ನಾಲ್ಕೈದು ದೊಡ್ಡ ಚಮಚ ಸುರಿದು ಕಾಲು ಗಂಟೆ ಕುದಿಸಿದೆ. ಹಳೇ ಪದರ ಹೋದ ಜಾಗದಲ್ಲಿ ಮರಳಿನಂಥ ಬಿಳಿ ಪುಡಿ ಕೂತಿತು. ಇದೂ ಕಿಟ್ಟವೇ ಅಂದುಕೊಂಡು ಮತ್ತಷ್ಟು ಆಸಿಡ್, ಮತ್ತಷ್ಟು ಕುದಿ, ಪುಡಿಯೂ ಮತ್ತಷ್ಟು! ಅದು ಕ್ಯಾಲ್ಸಿಯಂ ಸಿಟ್ರೇಟ್, ಕಿಟ್ಟವೂ ಆಸಿಡ್ಡೂ ಸೇರಿ ಆಗುವ ಉಪ್ಪು. ಕಾದಷ್ಟೂ ನೀರಲ್ಲಿ ಕರಗುವುದು ಕಡಿಮೆ. ಹಸಿಯಾಗಿದ್ದಾಗಲೇ ಮೆತ್ತನೆ ಬ್ರಷ್ಷಿಗೆ ಬರುತ್ತದೆ, ಒಣಗಿದರೆ ಕಾಟ. ಇನ್ನೊಂದು ಕೆಟಲ್ ಟಾಯ್ಲೆಟ್ ಕ್ಲೀನರಿಗೆ ಬಲಿಯಾಯಿತು. ಅದರ ಹೈಡ್ರೋಕ್ಲೋರಿಕ್ ಆಸಿಡ್ ಸ್ಟೀಲಿನ ಮೇಲೆ ಸೂಜಿಮೊನೆಯಷ್ಟು ಗುಂಡಿಗಳನ್ನು ಕೊರೆದುಬಿಟ್ಟಿತು. ಆ ದುಡ್ಡಿಗೆ ಕೆಲವು ವರ್ಷಕ್ಕಾಗುವಷ್ಟು ಸಿಟ್ರಿಕ್ ಆಸಿಡ್ ಬರುತ್ತಿತ್ತು.

ಈಗ ಮಾಡುವುದು ಇಷ್ಟು. 1 ಲೀಟರ್ ನೀರು ಸುಮಾರು 60 ಡಿಗ್ರಿಗೆ ಬಂದಾಗ, ಅಂದರೆ ಕುದಿಗೆ ಇನ್ನೂ ದೂರವಿರುವಾಗಲೇ, ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಮಟ್ಟಸವಾಗಿ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್, ಹೆಚ್ಚುಕಡಿಮೆ 30 ಗ್ರಾಂ, ಸ್ವಲ್ಪಸ್ವಲ್ಪವಾಗಿ ಉದುರಿಸಿ. ಒಂದೇ ಸಲ ಸುರಿದರೆ ನೊರೆ ಮೂತಿಯಿಂದ ಉಕ್ಕುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಚೆಲ್ಲಿ, ಅರ್ಧ ಅಳತೆಯಲ್ಲಿ ಇನ್ನೊಂದು ಸುತ್ತು. ದಪ್ಪ ಕಿಟ್ಟಕ್ಕೆ ಆಸಿಡ್ ಹೆಚ್ಚಾದ ಒಂದು ಸುತ್ತಿಗಿಂತ ತೆಳುವಾದ ಎರಡು ಸುತ್ತೇ ಮೇಲು. ಚುರುಚುರು ಸದ್ದು ನಿಂತಿತೇ? ಆ ನೀರಲ್ಲಿ ಸ್ವಲ್ಪ ಲೋಟಕ್ಕೆ ಬಗ್ಗಿಸಿ ಚಿಟಿಕೆ ಅಡುಗೆ ಸೋಡಾ ಹಾಕಿ. ನೊರೆ ಎದ್ದರೆ ಆಸಿಡ್ ಇನ್ನೂ ಜೀವಂತ, ಉಳಿದ ನೀರನ್ನು ಪಾತ್ರೆಯ ಮುಚ್ಚಳಗಳಿಗೆ ಬಳಸಿ. ಕೊನೆಗೆ ತೊಳೆದು, ಒಮ್ಮೆ ಬರಿ ನೀರು ಕುದಿಸಿ ಚೆಲ್ಲಿ.

ಅಲ್ಯೂಮಿನಿಯಂ ಪಾತ್ರೆಗೆ ಈ ಹದ ಬೇಡ. ತಣ್ಣನೆ ನೀರು, ಅರ್ಧ ಅಳತೆ, ಹತ್ತೇ ನಿಮಿಷ. ಬಿಟ್ಟರೆ ಲೋಹವನ್ನೇ ತಿನ್ನುತ್ತದೆ.

ವಿನೆಗರ್ ಕೆಲಸ ಮಾಡುತ್ತದೆ, ವಾಸನೆಯೇ ತಲೆನೋವು. ವಿನೆಗರಿಗೆ ಸೋಡಾ ಬೆರೆಸುವುದಂತೂ ಬರೀ ನೊರೆಯಾಟ, ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಗಾಜಿನಂಥ ಬೂದು ಪದರ ಆಸಿಡ್ ತಾಗಿದರೂ ಗುಳ್ಳೆ ಬಿಡದಿದ್ದರೆ ಅದರಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಇರಬಹುದು. ಅದಕ್ಕೆ ಈ ವಿಧಾನ ನಡೆಯುವುದಿಲ್ಲ. ಮೂತಿಯ ಒಳಮೂಲೆಗೆ ಅಂಟಿದ್ದನ್ನು ಬಿಡಿಸಲು ಒಂದು ಉಪಾಯವಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.