ಹಳೇ ಟಾಕೀಸನ್ನು ಚರ್ಚ್ ಮಾಡುವಾಗ: ಭಾರ, ಸದ್ದು, ನೀರು

ಸಿನಿಮಾ ಮಂದಿರ ಕೂತು ನೋಡುವವರಿಗಾಗಿ ಕಟ್ಟಿದ್ದು. ಆರಾಧನೆಗೆ ಬಂದವರು ಎದ್ದು ನಿಲ್ಲುತ್ತಾರೆ, ಚಪ್ಪಾಳೆ ತಟ್ಟಿ ಹಾಡುತ್ತಾರೆ. ಮುಂಬಯಿಯಲ್ಲಿ ಕನ್ನಡ ಸಭೆಗಾಗಿ ಹಳೇ ಟಾಕೀಸೊಂದನ್ನು ಸಜ್ಜುಗೊಳಿಸುವಾಗ ಬಣ್ಣ, ದೀಪಗಳನ್ನು ಬದಿಗಿಟ್ಟು ಈ ವ್ಯತ್ಯಾಸದ ಲೆಕ್ಕವನ್ನೇ ಮೊದಲು ಹಾಕಿದೆವು.

ಕಟ್ಟಡಗಳ ಭಾರ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದಂತೆ, ಸೀಟು ಬಿಗಿದ ಸಭಾಂಗಣದ ನೆಲಕ್ಕೆ ಚದರ ಮೀಟರಿಗೆ 4 ಕಿಲೋನ್ಯೂಟನ್ (ಸುಮಾರು 400 ಕಿಲೋ) ಭಾರ ಹಿಡಿಯಬೇಕು. ಸೀಟು ಕಿತ್ತರೆ 5. ಖಾಲಿಯಾದ ಜಾಗದಲ್ಲಿ ಜನ ಒತ್ತಾಗಿ ನಿಲ್ಲುವುದೇ ಇದಕ್ಕೆ ಕಾರಣ. ಅದಕ್ಕೇ ಬಾಲ್ಕನಿಯ ಸೀಟು ಮುಟ್ಟಲಿಲ್ಲ. ಎಲ್ಲರೂ ಒಂದೇ ತಾಳಕ್ಕೆ ಕುಣಿದರೆ ಮುಂಚಾಚಿದ ಬಾಲ್ಕನಿ ತೂಗತೊಡಗಬಹುದು, ಹಾಗಾಗಿ ಯುವಜನರ ಹಾಡಿನ ಕೂಟ ಕೆಳಗೇ ನಡೆಯಬೇಕು. ಕಾಂಕ್ರೀಟನ್ನು ತುಸು ಕೆತ್ತಿ, ಕ್ಷಾರ ಗುರುತಿಸುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ ನೋಡಿ: ಗುಲಾಬಿ ಬಂದರೆ ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿದೆ. ಬಣ್ಣ ಬಾರದ ಪದರ ಕಂಬಿಯವರೆಗೂ ಇಳಿದಿದ್ದರೆ ಕಂಬಿಗೆ ರಕ್ಷಣೆ ಹೋಗಿದೆ ಎಂದರ್ಥ. ಗುಲಾಬಿ ಕಂಡಿತೆಂದು ನೆಮ್ಮದಿಯಾಗಬೇಡಿ, ಕಡಲ ಗಾಳಿಯ ಉಪ್ಪು ಒಳಗಿಳಿದರೂ ತುಕ್ಕು ಹಿಡಿಯುತ್ತದೆ. ಆ ಉಪ್ಪಿನಂಶ ಅಳೆಯುವ ಕ್ಲೋರೈಡ್ ಪರೀಕ್ಷೆ ಬೇರೆಯೇ ಮಾಡಿಸಬೇಕು.

ಇಳಿಜಾರು ನೆಲಕ್ಕೆ ಡೆಬ್ರಿ ತುಂಬಿ ಸಮ ಮಾಡುವ ಸಲಹೆ ಎಲ್ಲ ಗುತ್ತಿಗೆದಾರರಿಂದಲೂ ಬರುತ್ತದೆ. ಒಪ್ಪಬೇಡಿ. 60 ಸೆಂಟಿಮೀಟರ್ ತುಂಬಿದರೆ ಚದರ ಮೀಟರಿಗೆ ಹತ್ತಿರಹತ್ತಿರ ಒಂದು ಟನ್ ಭಾರ, ಮೇಲೆ ಮಳೆಗಾಲದ ತೇವ. ಮುಂದಿನ ಸಾಲುಗಳಷ್ಟೇ ಜಾಗಕ್ಕೆ ಉಕ್ಕಿನ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಸಿದರೆ ಸಾಕು, ಅಡಿಯಲ್ಲಿ ಗಾಳಿಯಾಡುತ್ತದೆ.

ಸದ್ದಿನದು ಸೂಕ್ಷ್ಮ ಕೆಲಸ. ಸಿನಿಮಾಕ್ಕೆ ಅನುರಣನ, ಅಂದರೆ ಸದ್ದು ನಿಂತ ಮೇಲೂ ಹಾಲಿನಲ್ಲಿ ಉಳಿಯುವ ಮೊಳಗು, ಕಡಿಮೆ ಇರಬೇಕು, ಕೀರ್ತನೆಗೆ ತುಸು ಹೆಚ್ಚು. ಅನುರಣನದ ಅವಧಿಯನ್ನು ಸೆಕೆಂಡಿನಲ್ಲಿ ಕೊಡುವ ಸೇಬಿನ್ ಸೂತ್ರ ಸರಳ: 0.161 ಗುಣಿಸು ಹಾಲಿನ ಘನ ಅಳತೆ, ಭಾಗಿಸು ಒಟ್ಟು ಸದ್ದಿನ ಹೀರಿಕೆ. 6000 ಘನ ಮೀಟರಿನ ಹಾಲಿನಲ್ಲಿ 1 ಸೆಕೆಂಡಿಗೆ 966 ಚದರ ಮೀಟರಿನಷ್ಟು ಹೀರಿಕೆ ಬೇಕು, 1.3 ಸೆಕೆಂಡಿಗೆ 743. ನಡುವಿನ ವ್ಯತ್ಯಾಸವನ್ನು ಪಕ್ಕದ ಗೋಡೆಗಳ ಸದ್ದು ಹೀರುವ ಪ್ಯಾನೆಲ್ ತೆಗೆದು ಪಡೆಯಬೇಕು. ಹಿಂಗೋಡೆಯದನ್ನು ತೆಗೆದರೆ ಪ್ರಸಂಗಿಯ ಮಾತು ತಿರುಗಿ ಬಂದು ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. 1.3ಕ್ಕಿಂತ ಮೇಲೆ ಹೋಗದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಹಾಡು ಸ್ವಲ್ಪ ಬಡವಾದರೂ ದೇವರ ವಾಕ್ಯ ಕೊನೆಯ ಸಾಲಿಗೂ ಕೇಳಬೇಕು.

ಮುಂಬಯಿಯಲ್ಲಿ 1995ರ ಪರಂಪರೆ ನಿಯಮಗಳು ಬಂದಾಗಿನಿಂದ ಪಟ್ಟಿಯಲ್ಲಿರುವ ಕಟ್ಟಡಗಳಿಗೆ ದರ್ಜೆಗಳಿವೆ. ಬಳಕೆ ಬದಲಾವಣೆಯ ಅರ್ಜಿಗೆ ಮುನ್ನ ನಿಮ್ಮದು ಯಾವ ದರ್ಜೆ ಎಂದು ನೋಡಿಕೊಳ್ಳಿ. ಹಳೇ ಗಾರೆಯ ಅಲಂಕಾರಕ್ಕೆ ಮೊಳೆ ಬೇಡ, ಶಿಲುಬೆ ತನ್ನದೇ ಉಕ್ಕಿನ ಕಾಲಿನ ಮೇಲೆ ನಿಲ್ಲಲಿ. ಆಸ್ಬೆಸ್ಟಾಸ್ ಶೀಟುಗಳನ್ನು ಪರಿಣತರ ಕೈಯಿಂದ, ನೀರು ಸಿಂಪಡಿಸಿ, ಒಡೆಯದೆ ಇಳಿಸಬೇಕು. ಮಾಡಿನ ಕೆಲಸ ಜೂನ್ ಒಳಗೆ ಮುಗಿಯಲೇಬೇಕು.

ಕೊನೆಗೆ ದೀಕ್ಷಾಸ್ನಾನದ ತೊಟ್ಟಿ. 3 ಮೀಟರ್ ಉದ್ದ, 1.5 ಅಗಲ, 1.1 ಆಳದ ನೀರಿನ ತೂಕವೇ ಸುಮಾರು 5 ಟನ್. ಮರದ ತೊಲೆಗಳ ರಂಗಮಂಚ ಇದನ್ನು ಹೊರಲಾರದು. ಹಲಗೆ ಕತ್ತರಿಸಿ, ನೆಲದಿಂದಲೇ ಕಾಂಕ್ರೀಟ್ ಪೀಠ ಎಬ್ಬಿಸಿ ಅದರ ಮೇಲೆ ಕೂರಿಸಿ. ಟೈಲ್ಸ್ ಅಂಟಿಸುವ ಮೊದಲು ಪೂರ್ತಿ ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ 72 ಗಂಟೆ ಬಿಡಿ. ಸೋರುವುದು ಹೆಚ್ಚಾಗಿ ಪೈಪು ಗೋಡೆ ದಾಟುವಲ್ಲೇ.