ನೀರಿನ ರಾಕೆಟ್ ಲಾಗ ಹಾಕದೆ ನೆಟ್ಟಗೆ ಹಾರಬೇಕೇ?

ಶಾಲೆಯ ವಿಜ್ಞಾನ ವಸ್ತು ಪ್ರದರ್ಶನ ಹತ್ತಿರ ಬಂದರೆ ಸಾಕು, ಪ್ರತಿ ತಂಡದಲ್ಲೂ ಒಬ್ಬರಾದರೂ ‘ರಾಕೆಟ್ ಮಾಡೋಣ’ ಅನ್ನುತ್ತಾರೆ. ಒಳ್ಳೇದೇ. ಆದರೆ ಮೈದಾನಕ್ಕೆ ಹೋಗಿ ನೋಡಿ. ಬಹಳಷ್ಟು ರಾಕೆಟ್‌ಗಳು ಮರದ ಎತ್ತರಕ್ಕೂ ಹೋಗದೆ ಲಾಗ ಹಾಕಿ ಕಾಂಪೌಂಡ್ ಆಚೆ ಬೀಳುತ್ತವೆ. ‘ಪ್ರೆಷರ್ ಸಾಲಲಿಲ್ಲ’ ಅಂತ ಮಕ್ಕಳು ಇನ್ನೂ ಜೋರಾಗಿ ಪಂಪ್ ಹೊಡೆಯುತ್ತಾರೆ. ತಪ್ಪಿರುವುದು ಪ್ರೆಷರ್‌ನಲ್ಲಿ ಅಲ್ಲ, ತೂಕ ಮತ್ತು ರೆಕ್ಕೆಯ ಲೆಕ್ಕದಲ್ಲಿ.

ಪಟಾಕಿ ಮದ್ದು, ಬೆಂಕಿಕಡ್ಡಿಯ ತಲೆ, ವಿಡಿಯೊ ನೋಡಿ ಸಕ್ಕರೆಯಿಂದ ಮಾಡುವ ಇಂಧನ ಇವು ಯಾವುದೂ ಬೇಡ. ಇದರಲ್ಲಿ ಚರ್ಚೆಯೇ ಇಲ್ಲ. ನೀರು ಮತ್ತು ಗಾಳಿ ಸಾಕು: ಬಾಟಲಿಗೆ ಸ್ವಲ್ಪ ನೀರು ಹಾಕಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಒಳಗೆ ಗಾಳಿ ಪಂಪ್ ಮಾಡಿ ಬಿಟ್ಟರೆ ನೀರು ಕೆಳಗೆ ಚಿಮ್ಮಿ ಬಾಟಲಿ ಮೇಲೆ ಹಾರುತ್ತದೆ. ಅವನ್ನು ಮಕ್ಕಳಾಟ ಅಂದುಕೊಳ್ಳಬೇಡಿ. ಎರಡು ಲೀಟರ್ ಬಾಟಲಿಗೆ 50 ಪಿಎಸ್‌ಐ (ಟೈರಿನ ಗಾಳಿಗೆ ಹೇಳುವ ಒತ್ತಡದ ಅಳತೆ) ಗಾಳಿ ತುಂಬಿ ಬಿಟ್ಟರೆ ನೀರು ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ಕ್ಷಣದ ನೂಕುಬಲ ಸುಮಾರು 260 ನ್ಯೂಟನ್. 25 ಕಿಲೋ ಅಕ್ಕಿ ಮೂಟೆಯ ಭಾರಕ್ಕಿಂತ ತುಸು ಜಾಸ್ತಿಯೇ ಆಯಿತು.

ಮೊದಲ ಹೆಜ್ಜೆ, ಪ್ರಶ್ನೆ. ‘ರಾಕೆಟ್ ಹಾರುತ್ತದೆ’ ಎನ್ನುವುದು ಪ್ರಾಜೆಕ್ಟ್ ಅಲ್ಲ. ‘ಎಷ್ಟು ನೀರು ಹಾಕಿದರೆ ಹೆಚ್ಚು ಎತ್ತರ ಹೋಗುತ್ತದೆ?’ ಎನ್ನುವುದು ಪ್ರಾಜೆಕ್ಟ್. ಬಾಟಲಿಯ ಮೂರನೇ ಒಂದು ಭಾಗ ನೀರು ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಮ್ಮ ರಾಕೆಟ್‌ಗೂ ನಿಜವೇ ಅಂತ ನೋಡಿ. ಪ್ಯಾರಾಶೂಟ್, ಎರಡು ಹಂತ, ಕ್ಯಾಮೆರಾ ಎಲ್ಲ ಮುಂದಿನ ವರ್ಷಕ್ಕಿರಲಿ.

ಬಾಟಲಿ ಸೋಡಾ ಅಥವಾ ಕೂಲ್ ಡ್ರಿಂಕ್‌ನದ್ದೇ ಆಗಬೇಕು. ಕುಡಿಯುವ ನೀರಿನ ತೆಳ್ಳನೆ ಬಾಟಲಿ ಒತ್ತಡ ತಡೆಯಲ್ಲ. ಒಂದೇ ಅಳತೆಯವು ನಾಲ್ಕೈದು ತಂದಿಡಿ.

ಉಡಾವಣೆಯ ಸ್ಟ್ಯಾಂಡಿಗೆ ಅರ್ಧ ಇಂಚಿನ ಪಿವಿಸಿ ಪೈಪು ಬೇಕು. ಅಂಗಡಿಗೆ ಬಾಟಲಿ ತೆಗೆದುಕೊಂಡೇ ಹೋಗಿ, ಬಾಯಿಯೊಳಗೆ ಬಿಗಿಯಾಗಿ ಕೂರುವ ಪೈಪನ್ನೇ ಆರಿಸಿ. ಗಾಳಿ ಸೋರದಂತೆ ಸೀಲ್‌ಗೆ ಓ-ರಿಂಗ್ (ರಬ್ಬರ್ ಉಂಗುರ), ಗಾಳಿ ತುಂಬಲು ಪೈಪಿನ ಕೆಳತುದಿ ಮುಚ್ಚುವ ಎಂಡ್ ಕ್ಯಾಪ್‌ಗೆ ಕೂರಿಸಿದ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಪೈಪಿನ ಸುತ್ತ ಕೇಬಲ್ ಟೈಗಳನ್ನು ನಿಲ್ಲಿಸಿ ಪೈಪಿಗೆ ಬಿಗಿಯುವ ಕ್ಲಿಪ್ ಹಾಕಿದರೆ ಅವುಗಳ ತಲೆ ಬಾಟಲಿಯ ಕತ್ತಿನ ಉಂಗುರವನ್ನು ಹಿಡಿಯುತ್ತದೆ. ಆ ತಲೆಗಳು ಬಿಟ್ಟುಕೊಳ್ಳದಂತೆ ಅವುಗಳ ಮೇಲೆ ಒಂದು ದೊಡ್ಡ ಪೈಪಿನ ತುಂಡು ಜಾರಿಸಿ, ಅದಕ್ಕೆ ಹಗ್ಗ ಕಟ್ಟಿ. ಹಗ್ಗ ಎಳೆದರೆ ತುಂಡು ಕೆಳಗೆ ಸರಿದು ರಾಕೆಟ್ ಬಿಡುಗಡೆ. ಪರಿಚಯದ ಪ್ಲಂಬರ್ ಇದ್ದರೆ ಬೇಗ ಮುಗಿಯುವ ಕೆಲಸ. ರಬ್ಬರ್ ಬಿರಡೆ ಸುಲಭವೇನೋ ಹೌದು, ಆದರೆ ಅದು ಒಂದೊಂದು ಸಲ ಒಂದೊಂದು ಒತ್ತಡಕ್ಕೆ ಕಳಚುತ್ತದೆ. ನೀರಿನ ಅಳತೆ ಹೋಲಿಸಬೇಕಾದರೆ ಒತ್ತಡ ಪ್ರತಿ ಸಲವೂ ಅಷ್ಟೇ ಇರಬೇಕು, ಅಲ್ವಾ?

ಇನ್ನು ಮುಖ್ಯ ವಿಷಯ.

ನೀರೆಲ್ಲ ಹೊರಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಮಿಕ್ಕ ಹಾರಾಟವೆಲ್ಲ ಖಾಲಿ ಬಾಟಲಿಯದ್ದು. ಹಾಗಾಗಿ ಸಮತೋಲ ನೋಡುವಾಗ ಬಾಟಲಿಯಲ್ಲಿ ನೀರಿರಬಾರದು. ಖಾಲಿ ರಾಕೆಟ್‌ಗೆ ದಾರ ಸುತ್ತಿ ತೂಗುಹಾಕಿ. ಅಡ್ಡಕ್ಕೆ ಸಮನಾಗಿ ನಿಲ್ಲುವವರೆಗೆ ದಾರವನ್ನು ಸರಿಸಿ, ಅಲ್ಲಿ ಗುರುತು ಹಾಕಿ. ಅದು ತೂಕದ ಕೇಂದ್ರ. ಇನ್ನೊಂದು ಗಾಳಿಯ ಒತ್ತಡದ ಕೇಂದ್ರ, ಅಂದರೆ ಪಕ್ಕದಿಂದ ತಳ್ಳುವ ಗಾಳಿಯ ಬಲವೆಲ್ಲ ಸೇರಿ ಬಿದ್ದಂತಾಗುವ ಜಾಗ. ಅದನ್ನು ಅಂದಾಜು ಮಾಡಲು ರಾಕೆಟ್‌ನ ಪಕ್ಕದ ಆಕಾರವನ್ನು ರೆಕ್ಕೆ ಸಮೇತ ರಟ್ಟಿನ ಮೇಲೆ ಬರೆದು ಕತ್ತರಿಸಿ. ಆ ರಟ್ಟು ಸ್ಕೇಲಿನ ಅಂಚಿನ ಮೇಲೆ ಎಲ್ಲಿ ಸಮನಾಗಿ ನಿಲ್ಲುತ್ತದೋ ಅಲ್ಲಿ. ತೂಕದ ಕೇಂದ್ರವು ಇದಕ್ಕಿಂತ ಮೂತಿಯ ಕಡೆಗೆ, ಕಡಿಮೆಯೆಂದರೂ ಬಾಟಲಿಯ ಒಂದು ಅಗಲದಷ್ಟು, ಮುಂದಿರಬೇಕು. ಎರಡು ಲೀಟರ್ ಬಾಟಲಿಗೆ ಇದು ಹತ್ತು ಹನ್ನೊಂದು ಸೆಂಟಿಮೀಟರ್.

ಇಲ್ಲದಿದ್ದರೆ ಎರಡೇ ದಾರಿ: ಮೂತಿಗೆ ತೂಕ ಹಾಕುವುದು, ಇಲ್ಲವೇ ರೆಕ್ಕೆ ದೊಡ್ಡದು ಮಾಡುವುದು. ನಾನು ಮೊದಲು ತೂಕವನ್ನೇ ಹಾಕಿ ಅನ್ನುತ್ತೇನೆ. ಇನ್ನೊಂದು ಬಾಟಲಿಯ ಮೇಲಿನ ಅರ್ಧ ಕತ್ತರಿಸಿದರೆ ಮೂತಿ ಸಿದ್ಧ. ಒಳಗೆ 50 ಗ್ರಾಂ ಜೇಡಿಮಣ್ಣು ಒತ್ತಿ ನೋಡಿ, ಸಾಲದಿದ್ದರೆ ಇನ್ನಷ್ಟು. ತುದಿಗೆ ಸ್ಪಂಜಿನ ಚೆಂಡು ಅಂಟಿಸಿ. ಚೂಪು ಮೂತಿ ಚಂದ ಕಾಣಬಹುದು, ಆದರೆ ಅದು ಯಾರದೋ ತಲೆಯ ಮೇಲೆ ಬೀಳುವ ವಸ್ತು.

ರೆಕ್ಕೆಯಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಬಾಟಲಿಯ ನಡುವೆ ಅಂಟಿಸುವುದು. ಅಲ್ಲಿ ಮೈ ನೇರವಾಗಿರುತ್ತದೆ, ಅಂಟಿಸೋದು ಸುಲಭ. ಆದರೆ ರೆಕ್ಕೆ ಕೆಲಸ ಮಾಡುವುದು ಹಿಂಭಾಗದಲ್ಲಿ, ಅಂದರೆ ಬಾಟಲಿಯ ಕತ್ತಿನ ಹತ್ತಿರ. ಅಂದಕ್ಕೆಂದು ಮೂತಿಯ ಬಳಿ ಚಿಕ್ಕ ರೆಕ್ಕೆ ಇಟ್ಟರಂತೂ ಒತ್ತಡದ ಕೇಂದ್ರ ಮುಂದೆ ಬಂದು ಎಲ್ಲ ಕೆಡುತ್ತದೆ. ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಕೊಳವೆಗೆ ಉದ್ದನೆ ಬಿದಿರಿನ ಕೋಲು ಕಟ್ಟುತ್ತಿದ್ದರು. ಹಿಂದಕ್ಕೆ ಚಾಚಿದ ಆ ಕೋಲೇ ದಾರಿ ತಪ್ಪದಂತೆ ನೋಡಿಕೊಳ್ಳುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ‘ನಗರ’ ಎಂಬ ಊರಿನ ಹಳೇ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕವು. ಪ್ರದರ್ಶನದ ಚಾರ್ಟ್‌ಗಳಲ್ಲಿ ಟಿಪ್ಪು ಚಿತ್ರ ಇದ್ದೇ ಇರುತ್ತದೆ, ಆ ಕೋಲು ಯಾಕಿತ್ತು ಅಂತ ಮಾತ್ರ ಯಾರೂ ಬರೆದಿರುವುದಿಲ್ಲ.

ರೆಕ್ಕೆಗೆ ಸನ್‌ಪ್ಯಾಕ್ ಶೀಟ್ ತನ್ನಿ. ಪ್ರಚಾರದ ಬೋರ್ಡ್‌ಗಳಿಗೆ ಬಳಸುತ್ತಾರಲ್ಲ, ಅದೇ. ಹಗುರ, ಗಟ್ಟಿ, ನೀರಿಗೆ ನೆನೆಯಲ್ಲ. ರೆಡಿಮೇಡ್ ಕಿಟ್‌ಗಳಲ್ಲಿ ಬರುವ ಥರ್ಮಾಕೋಲ್ ರೆಕ್ಕೆಗೆ ದುಡ್ಡು ಹಾಕಬೇಡಿ, ಒಂದು ಸಲ ನೆಲಕ್ಕೆ ಬಿದ್ದರೆ ಮುಗಿಯಿತು. ಬಾಟಲಿಗೆ ನೇರವಾಗಿ ಹಾಟ್ ಗ್ಲೂ ಹಾಕಬೇಡಿ, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅಂಟು ಹಿಡಿಯಲಿ ಅಂತ ಮರಳು ಕಾಗದದಿಂದ ಉಜ್ಜುವುದೂ ಬೇಡ. ಅಷ್ಟು ಒತ್ತಡ ತಡೆಯುವ ಗೋಡೆ ಅದು. ಬೇರೆ ಬಾಟಲಿಯ ನಡುಭಾಗ ಕತ್ತರಿಸಿ ತೋಳಿನಂತೆ ಮಾಡಿ, ರೆಕ್ಕೆಗಳನ್ನು ಅದಕ್ಕೆ ಕೂರಿಸಿ. ಆಮೇಲೆ ಅದನ್ನು ರಾಕೆಟ್‌ಗೆ ಏರಿಸಿ ಟೇಪ್ ಸುತ್ತಿ. ಸಮ ಅಂತರಕ್ಕೆ ಬಾಟಲಿಯ ಸುತ್ತಳತೆಯ ಕಾಗದದ ಪಟ್ಟಿಯನ್ನು ಮೂರು ಅಥವಾ ನಾಲ್ಕು ಮಡಿಕೆ ಮಾಡಿ, ಮಡಿಕೆ ಬಂದಲ್ಲಿ ಗೆರೆ ಎಳೆಯಿರಿ.

ಕೊನೆಗೆ ಒಂದು ಪರೀಕ್ಷೆ. ತೂಕದ ಕೇಂದ್ರದಲ್ಲಿ ಎರಡು ಮೀಟರ್ ದಾರ ಕಟ್ಟಿ, ಟೇಪ್ ಹಾಕಿ, ಬಯಲಲ್ಲಿ ತಲೆಯ ಮೇಲೆ ಗಿರಗಿರ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಾದಿಡ್ಡಿ ತಿರುಗಿದರೆ ಅಥವಾ ಬಾಲ ಮುಂದಾದರೆ ಮತ್ತೆ ಜೇಡಿಮಣ್ಣು. ಈ ಪರೀಕ್ಷೆ ಪಾಸಾಗದ ರಾಕೆಟ್‌ಗೆ ಪಂಪ್ ಹಚ್ಚಲೇಬೇಡಿ.

ಹಾರಿಸುವ ಮೊದಲು ಸ್ಟ್ಯಾಂಡನ್ನೂ ಪರೀಕ್ಷಿಸಿ. ಬಾಟಲಿಗೆ ಕಂಠಪೂರ್ತಿ ನೀರು ತುಂಬಿ 60 ಪಿಎಸ್‌ಐ ಕೊಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಹಾಗಾಗಿ ಒಡೆದರೂ ಸಿಡಿಯುವುದು ಕಡಿಮೆ. ಹಾರಿಸುವಾಗ 50 ದಾಟಬೇಡಿ. ಅಗ್ಗದ ಪಂಪಿನ ಮೀಟರ್ ನಂಬಬೇಡಿ, ಪಂಕ್ಚರ್ ಅಂಗಡಿಯ ಗೇಜ್ ಜೊತೆ ಒಮ್ಮೆ ಹೋಲಿಸಿ. ಎಲ್ಲರಿಗೂ ಕನ್ನಡಕ, ಹಗ್ಗ ಹತ್ತು ಮೀಟರ್, ಹತ್ತಿರ ಕರೆಂಟ್ ತಂತಿ ಇರಬಾರದು, ಮೇಷ್ಟ್ರು ಅಥವಾ ಟೀಚರ್ ಜೊತೆಗಿರಬೇಕು.

ಎತ್ತರ ಅಳೆಯಲು ಕೋನಮಾಪಕಕ್ಕೆ ದಾರ, ದಾರಕ್ಕೆ ಒಂದು ನಟ್ಟು. ಅದರ ನೇರ ಅಂಚಿನಗುಂಟ ರಾಕೆಟ್ ಕಡೆ ನೋಡಿ, ದಾರ 90ರಿಂದ ಎಷ್ಟು ಸರಿದಿದೆಯೋ ಅದೇ ಕೋನ. 30 ಮೀಟರ್ ದೂರದಲ್ಲಿ ನಿಂತು ರಾಕೆಟ್ ತುತ್ತತುದಿ ಮುಟ್ಟಿದಾಗಿನ ಕೋನ ಓದಿ. 45 ಡಿಗ್ರಿ ಬಂದರೆ ಎತ್ತರ 30 ಮೀಟರ್, ಜೊತೆಗೆ ನಿಮ್ಮ ಕಣ್ಣಿನ ಎತ್ತರ. ಬೇರೆ ಕೋನವಾದರೆ ಅದರ ಟ್ಯಾನ್ ಬೆಲೆಯಿಂದ (ಕ್ಯಾಲ್ಕುಲೇಟರ್‌ನ tan) 30ನ್ನು ಗುಣಿಸಿ, ಕಣ್ಣಿನ ಎತ್ತರ ಕೂಡಿಸಿ. ರಾಕೆಟ್ ಗಾಳಿಗೆ ವಾಲುವುದರಿಂದ ಎದುರುಬದುರು ಇಬ್ಬರು ನಿಂತು ಸರಾಸರಿ ತೆಗೆಯಿರಿ. ನೀರು 300, 500, 700, 900 ಮಿಲಿ ಹೀಗೆ ಬದಲಿಸಿ, ಪ್ರತಿಯೊಂದನ್ನೂ ಮೂರು ಸಲ ಹಾರಿಸಿ. ವಿಫಲವಾದದ್ದನ್ನೂ ಟೇಬಲ್‌ನಲ್ಲಿ ಬರೆಯಿರಿ, ಸುಮ್ನೆ ಅಳಿಸಬೇಡಿ. ಬಾಟಲಿಯ ಮೇಲೆ ಬಿಳಿ ಗೆರೆ, ಮಡಿಕೆ ಕಂಡರೆ ಅದನ್ನು ಬಿಸಾಡಿ ಇನ್ನೊಂದನ್ನು ತೆಗೆದುಕೊಳ್ಳಿ. ಬದಲಿಸಿದ ಮೇಲೆ ತೂಕದ ಕೇಂದ್ರ ಮತ್ತೆ ನೋಡಿ.