ಗಾಯಗೊಂಡ ಜಿಂಕೆ ಪಕ್ಕದವರ ಬಾಳೆ ತೋಟ ಹೊಕ್ಕಾಗ

ಹುಣಸೂರು ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿನ ಅಂಚಿಗೆ ಹೆಚ್ಚು ದೂರವಿಲ್ಲದ ಕಡೆ ನಮಗೆ ಮೂರು ಎಕರೆ ಜಮೀನಿದೆ. ಹೊಗೆಸೊಪ್ಪು ಮುಗಿದ ಮೇಲೆ ಒಂದು ಭಾಗಕ್ಕೆ ಹುರಳಿ ಚೆಲ್ಲುತ್ತೇವೆ, ಇನ್ನೊಂದು ಭಾಗದಲ್ಲಿ ರಾಗಿಯ ನಡುವೆ ಅವರೆ ಸಾಲು ಇರುತ್ತದೆ. ಅವರೆ ಹೂ ಬಿಟ್ಟಿತೆಂದರೆ ಜಿಂಕೆಗಳು ಬರುತ್ತವೆ. ಅವುಗಳ ಹಿಂದೆಯೇ, ಹಂದಿ ಮಾಂಸದ ಆಸೆಗೆ ಬದುಗಳಲ್ಲಿ ಉರುಳು ಕಟ್ಟುವವರೂ ಬರುತ್ತಾರೆ. ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಹಾಗೆ ಕಟ್ಟಿದ್ದ ಒಂದು ಉರುಳನ್ನು ಗೂಟಸಮೇತ ಕಿತ್ತುಕೊಂಡು ಕೊಂಬಿನ ಗಂಡು ಜಿಂಕೆಯೊಂದು ನನ್ನ ಕಣ್ಣೆದುರೇ ಬದು ದಾಟಿ, ತಂತಿ ಬೇಲಿಯ ಸಂದಿಯಲ್ಲಿ ನುಸುಳಿ ಪಕ್ಕದವರ ಬಾಳೆ ತೋಟದೊಳಗೆ ಮರೆಯಾಯಿತು. ಅದರ ಹಿಂಗಾಲಿನಲ್ಲಿ ಬೈಕಿನ ಕ್ಲಚ್ ವೈರ್ ಬಿಗಿದುಕೊಂಡಿತ್ತು, ಗೂಟ ಹಿಂದೆ ಎಳೆದಾಡುತ್ತಿತ್ತು.

ಬೇಲಿ ಹಾರಿ ಹಿಂದೆ ಓಡಬೇಕು ಎಂದೇ ಮೊದಲು ಅನ್ನಿಸಿತು. ಓಡಲಿಲ್ಲ, ಏಕೆಂದರೆ ಅದಕ್ಕೂ ಏಳೆಂಟು ವರ್ಷ ಮೊದಲು ನಾನು ಹಾಗೆ ಓಡಿದ್ದೆ. ಆಗ ನಾಯಿಗಳು ಕಚ್ಚಿದ್ದ ಹೆಣ್ಣು ಜಿಂಕೆಯೊಂದನ್ನು ಕಾಪಾಡುವ ಉತ್ಸಾಹದಲ್ಲಿ ನಾನೂ ಊರಿನ ನಾಲ್ಕೈದು ಹುಡುಗರೂ ಸೇರಿ ಮೂರು ಜನರ ಹೊಲ ತುಳಿದು ಅಟ್ಟಿಸಿಕೊಂಡು ಹೋಗಿದ್ದೆವು. ಕೈಗೆ ಸಿಕ್ಕ ಅರ್ಧ ಗಂಟೆಯಲ್ಲಿ ಅದು ಸತ್ತಿತು. ಕಚ್ಚಿದ ಗಾಯ ಅಂಥ ಆಳವಾಗೇನೂ ಇರಲಿಲ್ಲ. ಭಯದಲ್ಲಿ ಮಿತಿಮೀರಿ ಓಡಿದ ಜಿಂಕೆಗೆ ಸ್ನಾಯುಗಳೇ ಕೆಟ್ಟು, ಮೈ ಬಿಸಿಯೇರಿ, ಕೆಲವೊಮ್ಮೆ ಆಗಲೇ, ಕೆಲವೊಮ್ಮೆ ದಿನಗಳಾದ ಮೇಲೆ ಸಾವು ಬರುತ್ತದೆ ಎಂದು ಪಶುವೈದ್ಯರು ಆಮೇಲೆ ವಿವರಿಸಿದರು. ಅಂದರೆ ಅದನ್ನು ಕೊಂದದ್ದು ನಾಯಿಗಳಿಗಿಂತ ಹೆಚ್ಚಾಗಿ ನಾವೇ. ಅದರ ಜೊತೆಗೆ ಮಾಂಸಕ್ಕಾಗಿ ಅಟ್ಟಿದಿರಾ ಎಂಬ ಅನುಮಾನ, ಹೇಳಿಕೆ ಕೊಡಲು ಅಲೆದಾಟ, ತುಳಿದ ಹುರಳಿಗಾಗಿ ಜಗಳ, ಎಲ್ಲವೂ ಬೆನ್ನಿಗೆ ಬಂದವು.

ಹಾಗಾಗಿ ಈ ಸಲ ನಿಂತಲ್ಲೇ ನಿಂತೆ. ಜಿಂಕೆ ಬೇಲಿ ನುಸುಳಿದ ಜಾಗಕ್ಕೆ ಹೆಗಲ ಮೇಲಿನ ಟವೆಲ್ ಕಟ್ಟಿದೆ. ಉರುಳು ಕಿತ್ತ ಗುಂಡಿ, ಅಲ್ಲಿ ಬಿದ್ದಿದ್ದ ಕೂದಲು, ರಕ್ತದ ಹನಿ, ಇವನ್ನು ಮುಟ್ಟದೆ ಫೋಟೋ ತೆಗೆದುಕೊಂಡೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ನಮ್ಮ ಗಸ್ತಿನ ಅರಣ್ಯ ಪಾಲಕರಿಗೂ ಕರೆ ಮಾಡಿದೆ. ಅವರು ಹೇಳಿದ್ದು ಎರಡೇ ಮಾತು: ಒಳಗೆ ಹೋಗಬೇಡಿ, ಎಲ್ಲಿಂದ ಹೊರಬರುತ್ತದೆ ನೋಡಿಕೊಳ್ಳಿ.

ಎರಡನೆಯ ಮಾತನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಡಿಸೆಂಬರಿನ ಇಬ್ಬನಿಯಲ್ಲಿ ಪ್ರಾಣಿ ನಡೆದ ಜಾಡು ಹುಲ್ಲಿನ ಮೇಲೆ ಕಪ್ಪು ಗೆರೆಯಂತೆ ಕಾಣುತ್ತದೆ. ಬಿಸಿಲೇರಿ ಇಬ್ಬನಿ ಆರಿದರೆ ಅದೂ ಹೋಗುತ್ತದೆ. ಕಾಯುತ್ತಾ ಕುಳಿತರೆ ಜಾಡು ಅಳಿಯುತ್ತದೆ, ಹೊಕ್ಕರೆ ಜಿಂಕೆ ಮತ್ತೆ ಓಡುತ್ತದೆ. ನಾನು ಮಾಡಿದ್ದಿಷ್ಟೆ: ಮಗನನ್ನು ರಸ್ತೆಯ ಕಡೆಯ ಮೂಲೆಯಲ್ಲಿ, ತಮ್ಮನನ್ನು ಕಾಡಿನ ಕಡೆಯ ಮೂಲೆಯಲ್ಲಿ, ಸದ್ದು ಮಾಡದೆ ನಿಲ್ಲುವಂತೆ ಹೇಳಿ ನಿಲ್ಲಿಸಿದೆ. ತೋಟದ ನಾಲ್ಕು ಬದಿಯೂ ಇಬ್ಬರ ಕಣ್ಣಿಗೆ ಬೀಳುತ್ತಿತ್ತು. ಹೊರಗೆ ಬರುವುದು ಕಾಣದಿದ್ದರೆ ಒಳಗೇ ಇದೆ ಎಂದರ್ಥ. ಆಗ ಜಾಡು ಅಳಿದರೂ ನಷ್ಟವಿಲ್ಲ.

ಆಮೇಲೆ ಹೊಲ ಹಾಯದೆ, ಸುತ್ತು ಬಳಸಿ ರಸ್ತೆಯಲ್ಲಿ ನಡೆದು ತೋಟದ ಯಜಮಾನರ ಮನೆಗೆ ಹೋದೆ. ನನಗೂ ಅವರಿಗೂ ಬದುವಿನ ಅಳತೆಯ ವಿಚಾರವಾಗಿ ವರ್ಷದಿಂದ ಮಾತಿರಲಿಲ್ಲ. ಬಾಗಿಲಲ್ಲಿ ನಿಂತು, "ಅಣ್ಣ, ನಿಮ್ಮ ತೋಟಕ್ಕೆ ಗಾಯದ ಜಿಂಕೆ ಹೊಕ್ಕಿದೆ, ನಿಮ್ಮನ್ನು ಕೇಳದೆ ಕಾಲಿಡಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಫಾರೆಸ್ಟಿನವರಿಗೆ ಹೇಳಿಬಿಟ್ಟೆಯಾ?" ಎಂದರು.

ಬಾಳೆಗಿಂತ, ಅದರಾಚೆಯ ಶುಂಠಿ ಮಡಿಗಿಂತ ಅವರಿಗೆ ದೊಡ್ಡ ಚಿಂತೆ ಇದೇ ಆಗಿತ್ತು. ಇಲಾಖೆಯವರು ಬಂದು ಉರುಳು ನೋಡಿದರೆ ಅದು ಯಾರ ಜಮೀನಿನದ್ದು ಎಂಬ ಪ್ರಶ್ನೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದೂ ಬೇಟೆಯೇ. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ ಇದ್ದು, 2022ರ ತಿದ್ದುಪಡಿಯ ನಂತರ ದಂಡ 1 ಲಕ್ಷ ರೂಪಾಯಿವರೆಗೆ ಏರಿದೆ. ಕಟ್ಟಿದವನು ಯಾರೋ, ಸಿಕ್ಕಿಕೊಳ್ಳುವವನು ಜಮೀನಿನವನು ಎಂಬ ಅವರ ಭಯ ಸುಳ್ಳಲ್ಲ. ಸುಮ್ಮನಿದ್ದುಬಿಡೋಣ, ರಾತ್ರಿ ತಾನೇ ಕಾಡಿಗೆ ಹೋಗುತ್ತದೆ ಎಂದು ಅವರು, ನಡೆಯಲಾಗದೆ ಅಲ್ಲೇ ಸಾಯುತ್ತದೆ ಎಂದು ನಾನು. ಸತ್ತರೆ ಅದು ನನ್ನದೂ ಅಲ್ಲ, ಅವರದೂ ಅಲ್ಲ. ಕಾಯ್ದೆಯ 39ನೇ ಕಲಂ ಪ್ರಕಾರ ಸರ್ಕಾರದ ಸ್ವತ್ತು. ಗೊತ್ತಿದ್ದೂ ಮುಚ್ಚಿಟ್ಟರೆ ಆಗ ನಿಜವಾಗಿಯೂ ತೊಂದರೆ ಅವರ ಮೇಲೆಯೇ ಬರುತ್ತದೆ ಎಂದು ವಿವರಿಸಿದೆ. ಕೊನೆಗೆ ಅವರ ಮನಸ್ಸು ಬದಲಾದದ್ದು ಕಾಯ್ದೆಯಿಂದಲ್ಲ. ಉರುಳು ಕಿತ್ತ ಗುಂಡಿ ಬದುವಿನ ನನ್ನ ಬದಿಯಲ್ಲಿದೆ, ಅದನ್ನು ನಾನೇ ತೋರಿಸಿ ನಾನೇ ಹೇಳಿಕೆ ಕೊಡುತ್ತೇನೆ ಎಂದಾಗ ಅವರು ಚಪ್ಪಲಿ ಮೆಟ್ಟಿಕೊಂಡರು.

ಅವರ ಷರತ್ತುಗಳು ನ್ಯಾಯವಾಗಿದ್ದವು. ನಾಲ್ಕು ಜನಕ್ಕಿಂತ ಹೆಚ್ಚು ಒಳಗೆ ಹೋಗಬಾರದು, ಶುಂಠಿ ಮಡಿ ತುಳಿಯದೆ ನೀರು ಹಾಯುವ ಕಾಲುವೆಯಲ್ಲೇ ನಡೆಯಬೇಕು, ಮುಂದೆ ತಾವೇ ಇರಬೇಕು. ಅಷ್ಟರಲ್ಲಿ ಮೊಬೈಲ್ ಹಿಡಿದು ಬಂದಿದ್ದ ಹುಡುಗರನ್ನು ಗದರಿಸಿ ಕಳಿಸಿದವರೂ, ತಮ್ಮ ಎರಡು ನಾಯಿಗಳನ್ನು ಕಟ್ಟಿಹಾಕಿಸಿದವರೂ ಅವರೇ. ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಒಬ್ಬರ ತೋಟದ ಮುಂದೆ ನಿಂತು ಜನರನ್ನು ಚದುರಿಸುವ ಅಧಿಕಾರ ಆ ತೋಟದವರಿಗೇ ಇರುತ್ತದೆ.

ಇಲಾಖೆಯ ಜೀಪು, ಪಶುವೈದ್ಯರು, ಬಲೆ ಬರುವಷ್ಟರಲ್ಲಿ ಒಂದೂವರೆ ಗಂಟೆಯಾಗಿತ್ತು. ಮೂಲೆಯಲ್ಲಿ ನಿಂತವರಿಬ್ಬರೂ ಏನೂ ಹೊರಬಂದಿಲ್ಲ ಎಂದರು. ಯಜಮಾನರು ಮುಂದೆ, ಅರಣ್ಯ ಪಾಲಕರು ಹಿಂದೆ, ಜಾಡಿನ ಮೇಲೆ ಕಾಲಿಡದೆ ಅದರ ಪಕ್ಕದಲ್ಲಿ ಹೋದರು. ಒಣಗಿ ಬಿದ್ದ ಬಾಳೆ ಎಲೆಯ ಮೇಲೆ ರಕ್ತದ ಹನಿ ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು. ಗೂಟ ಎರಡು ಬಾಳೆ ಬುಡಗಳ ನಡುವೆ ಸಿಕ್ಕಿಕೊಂಡು ಜಿಂಕೆ ಮಲಗಿಬಿಟ್ಟಿತ್ತು. ಅಟ್ಟಿಸಿಕೊಂಡು ಹೋಗಿದ್ದರೆ ಆ ಗೂಟವನ್ನೂ ಕಿತ್ತುಕೊಂಡು ಓಡುತ್ತಿತ್ತೋ ಏನೋ. ಅರಿವಳಿಕೆ ಬೇಡವೆಂದು ವೈದ್ಯರು ತೀರ್ಮಾನಿಸಿದರು. ಬಲೆ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿದ ಕೂಡಲೇ ಅದು ಒದ್ದಾಡುವುದು ಕಡಿಮೆಯಾಯಿತು. ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ, ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಜೀಪಿಗೆ ಹಾಕುವವರೆಗೆ ಯಾರೂ ಜೋರಾಗಿ ಮಾತನಾಡಲಿಲ್ಲ. ಸಂಜೆ ಕಾಡಿನಂಚಿನಲ್ಲಿ ಬಿಟ್ಟಾಗ ಕುಂಟುತ್ತಲೇ ನಡೆದು ಹೋಯಿತು ಎಂದು ಅರಣ್ಯ ಪಾಲಕರು ಹೇಳಿದರು. ಆಮೇಲೆ ಅದು ಉಳಿಯಿತೇ ಇಲ್ಲವೇ ಎಂಬುದು ನಮಗೆ ತಿಳಿಯಲಿಲ್ಲ.

ಮಹಜರಿಗೆ ನಾನು ಹೇಳಿದಂತೆಯೇ ಹೇಳಿಕೆ ಕೊಟ್ಟೆ; ನನ್ನ ಮೇಲೆ ಕೇಸಾಗಲಿಲ್ಲ. ಗೊನೆ ಬಿಟ್ಟಿದ್ದ ಮೂರು ಬಾಳೆ ಗಿಡ ಮುರಿದಿದ್ದವು, ಅದಕ್ಕೆ ದುಡ್ಡು ಕೊಡಲು ಹೋದರೆ ಯಜಮಾನರು ತೆಗೆದುಕೊಳ್ಳಲಿಲ್ಲ. ಅದರ ಬದಲು, ಒಂದು ಕಟ್ಟಿದವನು ಒಂದೇ ಕಟ್ಟಿರುವುದಿಲ್ಲ ಎಂದು ಹೇಳಿ ಕೈಯಲ್ಲಿ ಕೋಲು ಹಿಡಿದು ಹೊರಟರು. ಅದೇ ಸಂಜೆ ಇಬ್ಬರೂ ಬದುವಿನುದ್ದಕ್ಕೂ ಹುಲ್ಲು ಸರಿಸುತ್ತಾ ನಡೆದೆವು. ಇನ್ನೂ ಮೂರು ಉರುಳು ಸಿಕ್ಕಿದವು, ಎರಡು ನನ್ನ ಬದಿಯಲ್ಲಿ, ಒಂದು ಅವರ ಬದಿಯಲ್ಲಿ. ಬದುವಿನ ಅಳತೆಯ ಮಾತು ಇಬ್ಬರೂ ಎತ್ತಲಿಲ್ಲ. ಅದು ಇವತ್ತಿಗೂ ಹಾಗೆಯೇ ಇದೆ.